ಮುಗಿವು ಕಂಡ ಕಥೆಗಳು



ಕಳೆದ ತಿಂಗಳು ಗೃಹಸ್ಥರೊಬ್ಬರು ನನಗೊಂದು ಪತ್ರವನ್ನು ಬರೆದಿದ್ದರು. ಅವರ ಮಗನು ಜಪಾನ ದೇಶದ ಚಿತ್ರಕಥೆಗಳ ಹುಚ್ಚನ್ನು ಹತ್ತಿಸಿಕೊಂಡಿರುವನಂತೆ. ಒಂದೊಂದು ಕಥೆಯೂ ಇಪ್ಪತ್ತು ಮೂವತ್ತು ಸಂಪುಟಗಳಷ್ಟು ಉದ್ದವಾಗಿದ್ದು, ಕೊಂಡಷ್ಟೂ ಮುಂದಿನದು ಬಾಕಿ ಉಳಿಯುತ್ತದಂತೆ. "ಇವುಗಳಲ್ಲಿ ಪೂರ್ತಿಯಾಗಿ ಮುಗಿದಂಥ ಕಥೆಗಳು ಉಂಟೋ? ಇದ್ದರೆ ಮನೆಯಲ್ಲಿ ಇಡಲು ಯೋಗ್ಯವಾದುವು ಯಾವುವು?" ಎಂಬುದು ಅವರ ಪ್ರಶ್ನೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಂದ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದ ನನ್ನನ್ನು ಈ ವಿಷಯದಲ್ಲಿ ಕೇಳಿದರಲ್ಲಾ ಎಂದು ಮೊದಲು ನಗೆ ಬಂದಿತು. ಆದರೆ ಕಲಬುರಗಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗನು ಎರಡು ಬೇಸಗೆಗಳಿಂದ ಇಂಥ ಪುಸ್ತಕಗಳನ್ನೇ ಚೀಲದಲ್ಲಿ ತುಂಬಿಕೊಂಡು ನಿಂಬರ್ಗಾಕ್ಕೆ ಬರುತ್ತಿರುವುದರಿಂದ, ಮತ್ತು ಮಧ್ಯಾಹ್ನದ ಬಿಸಿಲಿನಲ್ಲಿ ಮಾಡಲು ಬೇರೆ ಕೆಲಸವಿಲ್ಲದ್ದರಿಂದ, ನಾನೂ ಅವುಗಳನ್ನು ಇಂಗ್ಲಿಷ್ ಭಾಷಾಂತರದಲ್ಲಿ ಓದಿರುವೆನು. ಓದಿದ್ದನ್ನು ಮುಚ್ಚಿಡುವುದೇಕೆ?

ಅವರ ಪ್ರಶ್ನೆಯಲ್ಲಿ 'ಮುಗಿದಂಥ' ಎಂಬ ಒಂದು ಮಾತು ನನ್ನ ಮನಸ್ಸಿಗೆ ನಾಟಿತು. ಅದಕ್ಕೆ ಕಾರಣವುಂಟು. ನಾನು ಹನ್ನೆರಡು ಹದಿಮೂರು ವರ್ಷದವನಿದ್ದಾಗ ನಮ್ಮ ಮನೆಗೆ ಒಂದು ವಾರಪತ್ರಿಕೆ ಬರುತ್ತಿತ್ತು. ಅದರಲ್ಲಿ ಒಂದು ಧಾರಾವಾಹಿ ಕಾದಂಬರಿ. ನಮ್ಮ ತಾಯಿಗೆ ಅಕ್ಷರ ಬಾರದು. ರಾತ್ರಿ ಊಟವಾದ ಮೇಲೆ ನಾನು ಓದಬೇಕು, ಆಕೆ ತೊಗರಿಯನ್ನು ಹಸನು ಮಾಡುತ್ತ ಕೇಳಬೇಕು. ಕಥಾನಾಯಿಕೆಯು ತವರಿಗೂ ಬೇಡವಾಗಿ, ಗಂಡನ ಮನೆಗೂ ಬೇಡವಾಗಿ, ಕೂಸನ್ನು ಎತ್ತಿಕೊಂಡು ರೈಲು ನಿಲ್ದಾಣದಲ್ಲಿ ಕುಳಿತಿದ್ದಳು. ಆ ವಾರಕ್ಕೆ ಪತ್ರಿಕೆ ನಿಂತುಹೋಯಿತು. ಎರಡು ತಿಂಗಳು ಕಾದೆವು, ಬರಲಿಲ್ಲ. ಅನಂತರದ ವರ್ಷಗಳಲ್ಲಿಯೂ ನಮ್ಮ ತಾಯಿ, ರೊಟ್ಟಿ ಬಡಿಯುತ್ತಿರುವಾಗಲೋ ನೀರು ಸೇದುತ್ತಿರುವಾಗಲೋ ಇದ್ದಕ್ಕಿದ್ದಂತೆ, "ಆ ಪೋರಿ ಗತಿ ಏನಾಯ್ತೋ ಯಪ್ಪಾ?" ಎಂದು ಕೇಳುವಳು. ಕೊನೆಗೆ ನಾನೇ ಒಂದು ಮುಕ್ತಾಯವನ್ನು ಕಟ್ಟಿ, ಬೇರೆ ಊರಿನಲ್ಲಿ ಉಳಿದ ಸಂಚಿಕೆಗಳು ಸಿಕ್ಕಿದುವೆಂದು ಸುಳ್ಳು ಹೇಳಿ, ಹಳೆಯ ಸಂಚಿಕೆಯೊಂದನ್ನು ಕೈಯಲ್ಲಿ ಹಿಡಿದು ಓದಿದಂತೆ ನಟಿಸಿದೆನು. ನಾಯಿಕೆಗೆ ಶಾಲೆಯಲ್ಲಿ ನೌಕರಿ ಕೊಡಿಸಿದೆನು, ಗಂಡನನ್ನು ಪಶ್ಚಾತ್ತಾಪಪಡಿಸಿದೆನು. ಆಕೆ ಕೊನೆಯವರೆಗೂ ಸುಮ್ಮನೆ ಕೇಳಿ, "ಇದು ಬರದಾವ ಬರದಿದ್ದಲ್ಲ, ನೀ ಕಟ್ಟೀದಿ" ಎಂದು ಎದ್ದು ಹೋದಳು. ಆಮೇಲೆ ಎಂದೂ ಕೇಳಲಿಲ್ಲ. ಅವಳು ಕೇಳದೆ ಇದ್ದುದು ಕೇಳುತ್ತಿದ್ದುದಕ್ಕಿಂತ ನನಗೆ ಕಷ್ಟವಾಯಿತು. ಅಂದಿನಿಂದ ಅಪೂರ್ಣ ಕಥೆಯನ್ನು ಇನ್ನೊಬ್ಬರ ಕೈಗೆ ಕೊಡಬಾರದೆಂಬುದು ನನ್ನ ವ್ರತ.

ಇನ್ನು ವಿಷಯಕ್ಕೆ ಬರುವೆನು. ಜಪಾನಿನಲ್ಲಿ ಈ ಚಿತ್ರಕಥೆಗಳಿಗೆ 'ಮಾಂಗಾ' ಎಂದು ಹೆಸರು. ಹೊಕುಸಾಯಿ ಎಂಬ ಪ್ರಸಿದ್ಧ ಚಿತ್ರಕಾರನು 1814ರಲ್ಲಿ ಪ್ರಕಟಿಸಲಾರಂಭಿಸಿದ ರೇಖಾಚಿತ್ರಗಳ ಪುಸ್ತಕಗಳಿಗೂ ಇದೇ ಹೆಸರಿದ್ದಿತು. ಆದರೆ ಈಗಿನವು ಕಥೆಗಳು. ಮೊದಲು ವಾರಪತ್ರಿಕೆ ಮಾಸಪತ್ರಿಕೆಗಳಲ್ಲಿ ಕಂತುಕಂತಾಗಿ ಬಂದು, ಬಳಿಕ ಸುಮಾರು ಇನ್ನೂರು ಪುಟಗಳ ಸಣ್ಣ ಸಂಪುಟಗಳಾಗುತ್ತವೆ. ಪುಟಗಳನ್ನು ಬಲದಿಂದ ಎಡಕ್ಕೆ ಓದಬೇಕು. ನನ್ನ ಮೊಮ್ಮಗನು ಇದನ್ನೊಂದು ಮಹಾವಿಚಿತ್ರವೆಂಬಂತೆ ನನಗೆ ಹೇಳಿಕೊಡಲು ಬಂದನು. ನಮ್ಮ ತಂದೆಯವರು ನಿಜಾಮರ ಆಳ್ವಿಕೆಯಲ್ಲಿ ಉರ್ದೂ ಮಾಧ್ಯಮದಲ್ಲಿ ಕಲಿತವರು; ಅವರ ಪುಸ್ತಕಗಳ ಮೊದಲ ಪುಟವು ನಮ್ಮ ಪುಸ್ತಕಗಳ ಕೊನೆಯ ಪುಟವಿರುವಲ್ಲಿಯೇ ಇರುತ್ತಿತ್ತು. ಈ ಭಾಗದ ಹಿರಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಕಂತಿನ ಕಥೆಗೆ ಎರಡು ಅಪಾಯಗಳು. ಓದುಗರಿಗೆ ಹಿಡಿಸದಿದ್ದರೆ ಪತ್ರಿಕೆಯವರು ಅದನ್ನು ನಡುವೆಯೇ ಕತ್ತರಿಸುವರು; ಬಹಳ ಹಿಡಿಸಿದರೆ ಎಳೆಯುವರು. 1997ರಲ್ಲಿ ಪ್ರಾರಂಭವಾದ 'ಒನ್ ಪೀಸ್' ಎಂಬ ಕಡಲುಗಳ್ಳರ ಕಥೆಯು ನೂರು ಸಂಪುಟಗಳನ್ನು ದಾಟಿಯೂ ಇನ್ನೂ ದಡವನ್ನು ಮುಟ್ಟಿಲ್ಲ. ಮೂರನೆಯ ಅಪಾಯವೊಂದುಂಟು, ಅದು ಮನುಷ್ಯರ ಕೈಯಲ್ಲಿಲ್ಲ. ಮಿಯುರಾ ಕೆಂಟಾರೊ ಎಂಬಾತನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ 'ಬರ್ಸರ್ಕ್' ಎಂಬ ಕಥೆಯನ್ನು ಬರೆಯುತ್ತಿದ್ದು, 2021ರ ಮೇ ತಿಂಗಳಲ್ಲಿ ತನ್ನ 54ನೆಯ ವಯಸ್ಸಿನಲ್ಲಿ ತೀರಿಕೊಂಡನು. ಕಥೆಯ ಕೊನೆಯನ್ನು ಅವನು ಬಹಳ ಹಿಂದೆಯೇ ಮೋರಿ ಎಂಬ ಗೆಳೆಯನಿಗೆ ಬಾಯಿಮಾತಿನಲ್ಲಿ ಹೇಳಿದ್ದನಂತೆ. ಆ ಗೆಳೆಯನ ಮೇಲ್ವಿಚಾರಣೆಯಲ್ಲಿ ಶಿಷ್ಯರು 2022ರಿಂದ ಚಿತ್ರಗಳನ್ನು ಬರೆದು ಮುಂದುವರಿಸಿರುವರು. (ಈ ಕಥೆಯನ್ನು ಮಕ್ಕಳ ಕೈಗೆ ಕೊಡತಕ್ಕದ್ದಲ್ಲ, ಅದರಲ್ಲಿ ರಕ್ತವೂ ಕ್ರೌರ್ಯವೂ ವಿಪರೀತ.)

ಇದನ್ನು ಮೊಮ್ಮಗನು ಹೇಳಿದಾಗ ನನಗೆ ನಮ್ಮ ಜಿಲ್ಲೆಯ ಮಳಖೇಡವೇ ನೆನಪಾಯಿತು. ಅಲ್ಲಿಂದ ರಾಜ್ಯವಾಳಿದ ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು, ತಮ್ಮ ಗುರು ವೀರಸೇನರು ಅರ್ಧದಲ್ಲಿ ಬಿಟ್ಟುಹೋದ 'ಜಯಧವಲಾ' ಟೀಕೆಯನ್ನು ಕ್ರಿ.ಶ. 837ರಲ್ಲಿ ಪೂರೈಸಿದರು. ಬಳಿಕ ತಮ್ಮದೇ ಆದ ಮಹಾಪುರಾಣವನ್ನು ಕೈಗೊಂಡು, ಅದರ ಪೂರ್ವಭಾಗದ 42 ಪರ್ವಗಳನ್ನು ಮುಗಿಸಿ, 43ನೆಯದರಲ್ಲಿ ಮೂರು ಶ್ಲೋಕಗಳನ್ನು ರಚಿಸುವಷ್ಟರಲ್ಲಿ ಅವರೂ ಹೋದರು. ಮುಂದಿನದನ್ನು ಶಿಷ್ಯರಾದ ಗುಣಭದ್ರರು ಬರೆದರು. ಬಾಣನ ಕಾದಂಬರಿಯನ್ನು ಮಗನು ಮುಗಿಸಿದ್ದೂ, ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತದ ಮುಂದಿನ ಭಾಗವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಬರೆದದ್ದೂ ವಾಚಕರಿಗೆ ಗೊತ್ತಿದ್ದದ್ದೇ. ಜಪಾನಿನ ಆ ಗೆಳೆಯನ ವಿಷಯದಲ್ಲಿ ನನಗೆ ಗೌರವ ಹುಟ್ಟಿತು. ಅವನು ಕಟ್ಟಿ ಹೇಳುತ್ತಿಲ್ಲ, ಕೇಳಿದ್ದನ್ನು ಹೇಳುತ್ತಿರುವನು. ನನ್ನ ತಾಯಿ ಆ ಭೇದವನ್ನು ಬಲ್ಲವಳಾಗಿದ್ದಳು.

ಮುಗಿದವುಗಳಲ್ಲಿ ಮೊದಲು ಹೇಳತಕ್ಕದ್ದು ತೆಜುಕಾ ಒಸಾಮು ಬರೆದ 'ಬುದ್ಧ'. ಈತನು (1928-1989) ವೈದ್ಯಶಾಸ್ತ್ರವನ್ನು ಓದಿ, ರೋಗಿಗಳನ್ನು ನೋಡುವ ಬದಲು ಚಿತ್ರಗಳನ್ನು ಬರೆದನು. 1972ರಿಂದ 1983ರವರೆಗೆ ಬಂದ ಈ ಕಥೆಯು ಇಂಗ್ಲಿಷಿನಲ್ಲಿ ಎಂಟು ದಪ್ಪ ಸಂಪುಟಗಳಾಗಿ ದೊರೆಯುತ್ತದೆ. ಪುಸ್ತಕವನ್ನು ತೆರೆದವನು ಸಿದ್ಧಾರ್ಥನನ್ನು ಹುಡುಕಿದರೆ ನಿರಾಶನಾಗುವನು. ಮೊದಲ ಸಂಪುಟದ ಬಹುಭಾಗವು ಚಾಪ್ರಾ ಎಂಬ ದಾಸಪುತ್ರನ ಕಥೆ. ಹುಟ್ಟಿನಿಂದ ದಾಸನಾದವನು ಅದನ್ನು ಬಚ್ಚಿಟ್ಟು ಸೇನಾಪತಿಯ ಮನೆಯ ಮಗನಾಗಿ ಬೆಳೆಯುವುದು, ತನ್ನ ತಾಯಿಯನ್ನು ತಾಯಿಯೆಂದು ಎಲ್ಲರೆದುರು ಕರೆಯಲಾರದೆ ತಳಮಳಿಸುವುದು ಇದರ ಸಂಗತಿ. ಅಶ್ವಘೋಷನ ಬುದ್ಧಚರಿತವನ್ನು ಓದಿದ ನನಗೆ ಈ ಸ್ವಾತಂತ್ರ್ಯವು ಮೊದಲಿಗೆ ಸಹಿಸಲಿಲ್ಲ. ಗಂಭೀರ ಪ್ರಸಂಗದ ನಡುವೆ ಈತನು ಈ ಕಾಲದ ಹಾಸ್ಯವನ್ನು ತೂರಿಸುವನು. ಅಲ್ಲಲ್ಲಿ ಬತ್ತಲೆ ಚಿತ್ರಗಳೂ ಇವೆ. ಆದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಅಶ್ವಘೋಷನ 28 ಸರ್ಗಗಳಲ್ಲಿ ಸಂಸ್ಕೃತದಲ್ಲಿ ನಮಗೆ ಉಳಿದು ಬಂದಿರುವುದು 14ನೆಯ ಸರ್ಗದವರೆಗೆ ಮಾತ್ರ. ಮುಂದಿನದು ಟಿಬೆಟಿನ ಮತ್ತು ಚೀನದ ಭಾಷಾಂತರಗಳಲ್ಲಿ. ಬೋಧಿವೃಕ್ಷದ ಬುಡದಲ್ಲಿಯೇ ನಮ್ಮ ಓದು ನಿಂತುಬಿಡುತ್ತದೆ. ಪರಿನಿರ್ವಾಣದವರೆಗೆ ನನ್ನನ್ನು ಕರೆದೊಯ್ದವನು ಈ ಜಪಾನಿನ ಚಿತ್ರಕಾರನೇ. ಭೀಮಾತೀರದ ಸನ್ನತಿಯನ್ನೂ, ಅಲ್ಲಿಯ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರನ್ನು ಕೊರೆದ ಶಿಲ್ಪವನ್ನೂ ನೋಡಿಬಂದ ಮನೆಯವರು ಈ ಎಂಟು ಸಂಪುಟಗಳನ್ನು ಬೇರೆಯೇ ಕಣ್ಣಿನಿಂದ ಓದುವರು.

'ಬೇರ್‌ಫುಟ್ ಗೆನ್', ಎಂದರೆ ಬರಿಗಾಲಿನ ಗೆನ್, ಹತ್ತು ಸಂಪುಟ. ಬರೆದವನು ನಾಕಾಜಾವಾ ಕೇಜಿ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಾಗ ಆತನಿಗೆ ಆರು ವರ್ಷ. ತಂದೆ, ಅಕ್ಕ, ತಮ್ಮ ಆ ದಿನವೇ ಸತ್ತರು. ಬಸುರಿಯಾಗಿದ್ದ ತಾಯಿ ಅಂದೇ ಹೆತ್ತಳು. ಇದನ್ನೇ ಕಥೆಯಲ್ಲಿ ಗೆನ್ ಎಂಬ ಹುಡುಗನ ಮೇಲಿಟ್ಟು ಹೇಳಿರುವನು. ಮನೆಯ ತೊಲೆಗಳ ಕೆಳಗೆ ಸಿಕ್ಕಿಕೊಂಡ ತಂದೆಯು, ಬೆಂಕಿ ಹತ್ತಿರ ಬರುತ್ತಿರಲು, ತಾಯಿಯನ್ನು ಕರೆದುಕೊಂಡು ಓಡೆಂದು ಮಗನಿಗೆ ಅಪ್ಪಣೆ ಮಾಡುವ ಪುಟಗಳನ್ನು ನಾನು ಒಂದೇ ಸಲ ಓದಿದ್ದೇನೆ; ಎರಡನೆಯ ಸಲ ತೆರೆಯಲಾಗಲಿಲ್ಲ. ಚಳಿಗಾಲದಲ್ಲಿ ತುಳಿದ ಗೋಧಿಯ ಸಸಿಯು ಬಲವಾಗಿ ಬೇರೂರಿ ನೆಟ್ಟಗೆ ಏಳುವುದೆಂದು ಆ ತಂದೆಯು ಮಕ್ಕಳಿಗೆ ಹೇಳುತ್ತಿದ್ದ ಮಾತು ಉದ್ದಕ್ಕೂ ಬರುತ್ತದೆ. ಒಕ್ಕಲುತನದ ಮನೆಗಳಲ್ಲಿ ಇದಕ್ಕೆ ಟೀಕೆ ಬೇಕಾಗಿಲ್ಲ. ಗೆನ್ ಬೆಳೆದು ಟೋಕಿಯೊ ನಗರಕ್ಕೆ ಹೊರಡುವಲ್ಲಿ ಕಥೆ ಮುಗಿಯುತ್ತದೆ. ಹೈಸ್ಕೂಲಿನ ಮೆಟ್ಟಿಲೇರದ ಮಕ್ಕಳಿಗೆ ಕೊಡಬಾರದು. ಏರಿದವರಿಗೆ ಕೊಟ್ಟರೂ ಹಿರಿಯರು ಮೊದಲು ತಾವು ಓದಿರಬೇಕು.

ಆದರೆ ಕಥೆಯ ಕಟ್ಟಡವೆಂದರೆ ಏನೆಂಬುದನ್ನು ನೋಡಬೇಕೆನ್ನುವವರಿಗೆ ನಾನು ತೋರಿಸುವುದು 'ಫುಲ್‌ಮೆಟಲ್ ಆಲ್ಕೆಮಿಸ್ಟ್'. 2001ರಿಂದ 2010ರವರೆಗೆ ಬಂದು 27 ಸಂಪುಟಗಳಲ್ಲಿ ಮುಗಿದಿದೆ. ಬರೆದವಳು ಅರಾಕಾವಾ ಹಿರೋಮು, ಹೊಕ್ಕೈಡೊ ದ್ವೀಪದಲ್ಲಿ ಹೈನುಗಾರಿಕೆಯ ಮನೆತನದಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳು. ರಸವಾದವನ್ನು ಬಲ್ಲ ಇಬ್ಬರು ಸಣ್ಣ ಹುಡುಗರು ತೀರಿಕೊಂಡ ತಾಯಿಯನ್ನು ತಮ್ಮ ವಿದ್ಯೆಯಿಂದ ಮರಳಿ ತರಲು ಹವಣಿಸುವರು. ತಾಯಿ ಬರಲಿಲ್ಲ, ಅಣ್ಣನು ಒಂದು ಕಾಲನ್ನೂ ಒಂದು ಕೈಯನ್ನೂ, ತಮ್ಮನು ಶರೀರವನ್ನೇ ಕಳೆದುಕೊಂಡರು. ಕಳೆದುಕೊಂಡದ್ದನ್ನು ಮರಳಿ ಪಡೆಯುವುದಕ್ಕೆ ಹೊರಟ ಅಲೆದಾಟವೇ ಉಳಿದ ಕಥೆ. ಏನನ್ನು ಪಡೆಯಬೇಕಾದರೂ ಅದಕ್ಕೆ ಸಮನಾದುದನ್ನು ಕೊಡಲೇಬೇಕೆಂಬ ಒಂದು ನಿಯಮವನ್ನು ಮೊದಲೇ ಹಾಕಿಕೊಂಡು, ಗ್ರಂಥಕರ್ತ್ರಿಯು ಕೊನೆಯ ಸಂಪುಟದವರೆಗೆ ಅದರಿಂದ ನುಣುಚಿಕೊಳ್ಳುವುದಿಲ್ಲ. ಮೂರನೆಯ ಸಂಪುಟದಲ್ಲಿ ಸುಮ್ಮನೆ ಬಂದುಹೋದವನೆಂದು ನಾವು ಮರೆತಂಥವನು ಇಪ್ಪತ್ತರಾಚೆ ಕೆಲಸಕ್ಕೆ ಬರುತ್ತಾನೆ. ನಮ್ಮ ಆಲಂಕಾರಿಕರು ನಿರ್ವಹಣಸಂಧಿಯೆಂದು ಯಾವುದನ್ನು ಕರೆದರೋ ಅದನ್ನು ಪಾಠ ಹೇಳಲು ನನಗೆ ಇಷ್ಟು ಒಳ್ಳೆಯ ಉದಾಹರಣೆ ಶಾಲೆಯಲ್ಲಿದ್ದಾಗ ಸಿಕ್ಕಿರಲಿಲ್ಲ. ಹೊಡೆದಾಟಗಳು ಮಾತ್ರ ನನ್ನ ವಯಸ್ಸಿನವರಿಗೆ ಅತಿಯೆನಿಸುವುವು. ನಾನು ಆ ಪುಟಗಳನ್ನು ಬೇಗಬೇಗನೆ ತಿರುವಿದೆನು. ಮೊಮ್ಮಗನು ಅವುಗಳಿಗಾಗಿಯೇ ಓದಿದನು.

ಇದೇ ಲೇಖಕಿಯು 'ಸಿಲ್ವರ್ ಸ್ಪೂನ್' ಎಂಬ 15 ಸಂಪುಟಗಳ ಇನ್ನೊಂದು ಕಥೆಯನ್ನು 2011ರಿಂದ 2019ರವರೆಗೆ ಬರೆದು ಮುಗಿಸಿದಳು. ಪಟ್ಟಣದ ಹುಡುಗನೊಬ್ಬನು ಪರೀಕ್ಷೆಗಳ ಹೆದರಿಕೆಯಿಂದ ಕೃಷಿಶಾಲೆಯನ್ನು ಸೇರಿ, ಹಸು ಹಂದಿ ಕುದುರೆಗಳ ನಡುವೆ ಬದುಕನ್ನು ಕಲಿಯುವ ಸಂಗತಿ. ಹಂದಿಯನ್ನು ಸಾಕಿ ಅದರ ಮಾಂಸವನ್ನೇ ಉಣ್ಣುವ ಪ್ರಸಂಗಗಳು ಶಾಕಾಹಾರಿಗಳ ಮನೆಗೆ ಒಗ್ಗಲಾರವು. ಸಾಲ ತೀರದೆ ಹೊಲಮನೆಗಳನ್ನು ಬಿಡಬೇಕಾಗಿ ಬಂದ ಸಹಪಾಠಿಯ ಅಧ್ಯಾಯವನ್ನಾದರೋ ನಮ್ಮ ತಾಲೂಕಿನ ಯಾರೂ ಪರದೇಶದ ಕಥೆಯೆಂದು ಓದಲಾರರು.

ಚಿತ್ರವಿಲ್ಲದೆಯೂ ಉದ್ದನೆಯ ಕಥೆಯನ್ನು ಓದಬಲ್ಲ ಮಕ್ಕಳಿಗೆ ಕನ್ನಡದಲ್ಲಿಯೇ ಒಂದು ದೊಡ್ಡ ಸರಣಿಯಿದೆ. ಅದನ್ನು ಬಿಟ್ಟು ಜಪಾನಿಗೆ ಮಾತ್ರ ಹೋದೆನೆಂಬ ಆಕ್ಷೇಪ ನನಗೆ ಬೇಡ. ತ.ರಾ.ಸು. ಅವರು ಚಿತ್ರದುರ್ಗದ ಪಾಳೆಯಗಾರರನ್ನು ಕುರಿತು ಬರೆದ ಎಂಟು ಕಾದಂಬರಿಗಳು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಈ ಮೂರನ್ನು ಒಂದೇ ಉಸಿರಿನಲ್ಲಿ ಓದಬೇಕು. 1779ರಲ್ಲಿ ಹೈದರನ ಕೈಗೆ ದುರ್ಗವು ಬೀಳುವ 'ದುರ್ಗಾಸ್ತಮಾನ'ವನ್ನು ಕಡೆಗೆ ಇಟ್ಟುಕೊಳ್ಳಬೇಕು. ಗ್ರಂಥಕರ್ತರು 1984ರಲ್ಲಿ ತೀರಿಕೊಂಡರು. ಆ ಕೊನೆಯ ಕಾದಂಬರಿಗೆ 1985ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕೆಲಸವನ್ನು ಮುಗಿಸಿಯೇ ಹೋದರಲ್ಲಾ ಎಂದು ಓದುಗನಾಗಿ ಅವರಿಗೆ ನಾನು ಋಣಿ.

ಹಣದ ಮಾತು ಉಳಿಯಿತು. ಇಪ್ಪತ್ತೇಳು ಸಂಪುಟಗಳನ್ನು ಒಮ್ಮೆಲೇ ಕೊಳ್ಳುವುದು ಅವಿವೇಕ. ಮೊದಲಿನದೊಂದನ್ನು ತರಿಸಿ, ಹುಡುಗನು ಅದನ್ನು ಎರಡು ಸಲ ಓದಿದನೆಂದು ಕಂಡರೆ ಮುಂದಿನ ಎರಡನ್ನು ತರಿಸಿರಿ. ನನ್ನ ಮೊಮ್ಮಗನೂ ಅವನ ಗೆಳೆಯರು ಮೂವರೂ ಸಂಪುಟಗಳನ್ನು ಪಾಲು ಹಂಚಿಕೊಂಡು ಕೊಂಡಿರುವರು. ಒಬ್ಬನಲ್ಲಿ ಇದ್ದುದು ಇನ್ನೊಬ್ಬನಲ್ಲಿಲ್ಲ. ಈ ಏರ್ಪಾಟಿನಲ್ಲಿ ಜಗಳಗಳಾದರೂ ಖರ್ಚು ಕಾಲುಭಾಗಕ್ಕಿಳಿದಿದೆ.

ನಮ್ಮ ಮನೆಯಲ್ಲಿ ಈಗ 'ಬುದ್ಧ'ದ ಎರಡನೆಯ ಓದು ನಡೆದಿದೆ. ಮನೆಯಾಕೆಗೆ ಇಂಗ್ಲಿಷ್ ಬಾರದು. ನಾನು ಚಿತ್ರವನ್ನು ತೋರಿಸುತ್ತ ಕನ್ನಡದಲ್ಲಿ ಹೇಳಬೇಕು. ಮೊದಲ ದಿನ ಸಂಪುಟವನ್ನು ಕೈಗೆತ್ತಿಕೊಂಡಾಗ ಆಕೆ ಕನ್ನಡಕವನ್ನು ಹಾಕಿಕೊಂಡು ಹತ್ತಿರ ಕುಳಿತು, ಚಿತ್ರವನ್ನು ನೋಡುವ ಮೊದಲೇ ಕೇಳಿದಳು: "ಇದು ಮುಗೀತದೋ ಇಲ್ಲೋ, ಮೊದ್ಲು ಅದು ಹೇಳ್ರಿ."