ಬೀಗ ಹಾಕಿದ ಸಂಧಿಪತ್ರ

ಹಳೆಯ ಸರಕಾರಿ ಮುದ್ರಣಗಳನ್ನು ಅರಸಿ ಸಂಗ್ರಹಿಸುವವರಲ್ಲಿ ನನಗೆ ಗೌರವವಿದೆ. ಸಂಗ್ರಹಿಸಿ ಯಾರ ಕಣ್ಣಿಗೂ ಬೀಳದಂತೆ ಬೀಗ ಹಾಕುವವರಲ್ಲಿ ಎಳ್ಳಷ್ಟೂ ಇಲ್ಲ. ಅಂಚು ಸೀಳದ ಹಾಳೆಗೆ ಬೆಲೆ ಹೆಚ್ಚೆಂದು ಓದದೆಯೇ ಇಟ್ಟುಕೊಳ್ಳುವ ಇವರನ್ನು ಗ್ರಂಥಪ್ರೇಮಿಗಳೆಂದು ಹೊಗಳುವುದು ನನ್ನಿಂದಾಗದು.

1919ರ ಪ್ಯಾರಿಸ್ ಶಾಂತಿ ಸಮ್ಮೇಳನದ ಕಾಗದಪತ್ರಗಳನ್ನೇ ನೋಡಿ. ಅವುಗಳಲ್ಲಿ ಹಲವು ಅಪರೂಪವಾದದ್ದು ಗೆದ್ದಲಿನಿಂದಲ್ಲ, ಗುಟ್ಟಿನಿಂದ. ರಾಷ್ಟ್ರಗಳ ಒಪ್ಪಂದಗಳು ಬಹಿರಂಗವಾಗಿರಬೇಕೆಂದು 1918ರ ಜನವರಿಯಲ್ಲಿ ಸಾರಿದವರು ಅಮೆರಿಕದ ಅಧ್ಯಕ್ಷ ವಿಲ್ಸನ್. ಮರುವರ್ಷ ಮೇ 7ರಂದು ಸಂಧಿಯ ಕರಡು ಜರ್ಮನ್ ನಿಯೋಗದ ಕೈಸೇರಿದರೂ ಅದರ ಪೂರ್ಣಪಾಠ ಅವರದೇ ದೇಶದ ಸೆನೆಟ್ಟಿಗೆ ದೊರೆಯಲಿಲ್ಲ! ಕೊನೆಗೆ ಜೂನ್ 9ರಂದು ಸೆನೆಟರ್ ಬೋರಾ, ಪತ್ರಕರ್ತರೊಬ್ಬರು ತಂದ ಪ್ರತಿಯನ್ನು ಸದನದ ದಾಖಲೆಯಲ್ಲಿ ಮುದ್ರಿಸಬೇಕಾಯಿತು. ಅಮೆರಿಕ ನಿಯೋಗದ ಕಾನೂನು ಸಲಹೆಗಾರ ಡೇವಿಡ್ ಹಂಟರ್ ಮಿಲ್ಲರ್ ತಮ್ಮ ದಿನಚರಿಯನ್ನೂ ದಾಖಲೆಗಳನ್ನೂ ಮುಂದೆ 21 ಸಂಪುಟಗಳಲ್ಲಿ ಖಾಸಗಿಯಾಗಿ ಅಚ್ಚುಹಾಕಿಸಿದರು. ಪ್ರತಿಗಳೆಷ್ಟು? ನಲವತ್ತೇ. ಅಂದು ಸರಕಾರಗಳು ಮುಚ್ಚಿಟ್ಟದ್ದನ್ನು ಇಂದು ಹಣವಂತರು ಮುಚ್ಚಿಡುತ್ತಿದ್ದಾರೆ.

"ಎಲ್ಲವೂ ಅಂತರ್ಜಾಲದಲ್ಲಿದೆಯಲ್ಲ ಸಾರ್" ಎನ್ನುವ ಶಿಷ್ಯರಿದ್ದಾರೆ. ಅಲ್ಲಿ ಸುಲಭವಾಗಿ ಸಿಗುವುದು ಜೂನ್ 28ರಂದು ಸಹಿಯಾದ 440 ವಿಧಿಗಳ ಅಂತಿಮ ಪಾಠ. ಮೇ ತಿಂಗಳ ಕರಡು ಅಪ್ಪರ್ ಸೈಲೀಸಿಯಾದ ಬಹುಭಾಗವನ್ನು ನೇರವಾಗಿ ಪೋಲೆಂಡಿಗೆ ಕೊಟ್ಟಿತ್ತು. ಅಂತಿಮ ಪಾಠದ 88ನೆಯ ವಿಧಿ ಅಲ್ಲಿಯ ಜನರ ಮತ ಕೇಳಬೇಕೆಂದಿತು, 1921ರ ಮಾರ್ಚಿಯಲ್ಲಿ ಕೇಳಲಾಯಿತು ಕೂಡ. ಎರಡು ಮುದ್ರಣಗಳನ್ನು ಅಕ್ಕಪಕ್ಕ ಇಟ್ಟಾಗಲೇ ಅಧಿಕಾರಸ್ಥರು ಎಲ್ಲಿ ಮಣಿದರೆಂಬುದು ಕಣ್ಣಿಗೆ ಕಟ್ಟುತ್ತದೆ. ಕರಡಿನ ಭೂಪಟವನ್ನು ಕಿತ್ತು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವವನಿಗೆ ಇದೇನು ಗೊತ್ತು?

ನಾನು ತರಗತಿಯಲ್ಲಿ ಬೋಧಿಸಿದ ಪಠ್ಯಗಳಿಗೆ ಯುದ್ಧದ ಹೊಣೆ ಹೊರಿಸುವ 231ನೆಯ ವಿಧಿಯೊಂದೇ ಸಾಕಾಗಿತ್ತು. ಪುಟ ತಿರುವುವವನಿಗೆ 246ನೆಯದೂ ಸಿಗುತ್ತದೆ: ಪೂರ್ವ ಆಫ್ರಿಕದ ಹೆಹೆ ಜನರ ದೊರೆ ಮ್ಕ್ವಾವಾನ ತಲೆಬುರುಡೆಯನ್ನು ಜರ್ಮನಿ ಆರು ತಿಂಗಳೊಳಗೆ ಬ್ರಿಟಿಷ್ ಸರಕಾರಕ್ಕೆ ಒಪ್ಪಿಸಬೇಕಂತೆ. ಬುರುಡೆಯೊಂದು ಅವನ ಜನರಿಗೆ ತಲುಪಿದ್ದು 1954ರಲ್ಲಿ.

ಈ ಸಂಧಿಗೆ ಭಾರತದ ಹೆಸರಿನಲ್ಲಿ ಮಾಂಟೆಗ್ಯು ಮತ್ತು ಬಿಕಾನೇರಿನ ಮಹಾರಾಜ ಗಂಗಾಸಿಂಗ್ ಸಹಿ ಹಾಕಿದ್ದರು. ನಮ್ಮ ಹಿರಿಯರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು. ಆದರೂ ಓದುವ ಹಕ್ಕು ನಮಗೂ ಉಂಟು. ಪರದೇಶಗಳಲ್ಲಿ ನೆಲೆಸಿ ಇಂಥ ಪ್ರತಿ ಕೊಂಡವರು ನಿಮ್ಮಲ್ಲಿದ್ದರೆ ದಯವಿಟ್ಟು ಹಾಳೆಗಳನ್ನು ಸೀಳಿ ಓದಿ, ಭೂಪಟ ಸಹಿತ ಪ್ರತಿಯೊಂದು ಪುಟದ ಚಿತ್ರ ತೆಗೆದು ಯಾವುದಾದರೂ ಸಾರ್ವಜನಿಕ ಗ್ರಂಥಾಲಯಕ್ಕೆ ಕಳುಹಿಸಿರಿ. ಬೆಲೆ ತುಸು ಇಳಿದರೆ ಇಳಿಯಲಿ.