ಅಚ್ಚಿಗೆ ಕವಚ, ಆಳಿಗೆ ಬರಿಗೈ!



ಅಹಮದಾಬಾದಿನ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ದುಡಿಯುವವರ ಮಕ್ಕಳು ಓಢವ, ವಟವಾ, ನರೋಡಾಗಳಿಗೂ ವಡೋದರಾದ ಮಕರಪುರಕ್ಕೂ ಕೆಲಸ ಹುಡುಕಿ ಹೋಗುತ್ತಿದ್ದಾರೆ. ಅಲ್ಲಿ ಅಲ್ಯುಮಿನಿಯಂ ಎರಕದ ಕೆಲಸವೂ ಉಂಟು. ಕರಗಿದ ಲೋಹವನ್ನು ಯಂತ್ರವು ಉಕ್ಕಿನ ಅಚ್ಚಿನೊಳಕ್ಕೆ ಒತ್ತಿ ನುಗ್ಗಿಸುತ್ತದೆ. ಇದೇ ಡೈ ಕಾಸ್ಟಿಂಗು.

ಹೋಟೆಲಿನಲ್ಲಿ ದುಡಿದವರಿಗೆ ಈ ಅಚ್ಚಿನ ಗುಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಳಗದ ಕಾವಲಿಗೆ ದೋಸೆ ಹತ್ತಿಕೊಳ್ಳುವಂತೆ ಬರಿಯ ಉಕ್ಕಿಗೆ ಅಲ್ಯುಮಿನಿಯಂ ಕಚ್ಚಿಕೊಳ್ಳುತ್ತದೆ, ಉಕ್ಕನ್ನೇ ತಿನ್ನುತ್ತದೆ. ಸುಮಾರು 650 ಡಿಗ್ರಿಯ ಲೋಹ ಒಳಗೆ ಬಿದ್ದ ಬೆನ್ನಿಗೇ ತಣ್ಣನೆಯ ಸಿಂಪರಣೆ. ಹೀಗೆ ಸಾವಿರಾರು ಸಲ ಆದರೆ ಅಚ್ಚಿನ ಮೈ ಬಿರಿಯುತ್ತದೆ. ಆದ್ದರಿಂದ ಲೆಕ್ಕ ಬಲ್ಲ ಮಾಲೀಕನು ಅಚ್ಚಿಗೆ ನೈಟ್ರೈಡಿಂಗ್ ಮಾಡಿಸುತ್ತಾನೆ, ಕ್ರೋಮಿಯಂ ನೈಟ್ರೈಡಿನಂಥ ಲೇಪ ಕೊಡಿಸುತ್ತಾನೆ. ಅದರ ದಪ್ಪ ಕೆಲವೇ ಮೈಕ್ರಾನು, ತಲೆಗೂದಲಿಗಿಂತ ಎಷ್ಟೋ ತೆಳುವು. ಕೆಲಸ ಶುರುವಾಗುವ ಮುನ್ನ ಅಚ್ಚನ್ನು ಹದವಾಗಿ ಕಾಯಿಸುತ್ತಾನೆ.

ಮಾಡಲಿ, ನಮ್ಮ ತಕರಾರಿಲ್ಲ. ಅಚ್ಚು ಉಳಿದರೆ ಕೆಲಸವೂ ಉಳಿಯುತ್ತದೆ. ಆದರೆ ಅಚ್ಚಿನ ಮುಂದೆ ನಿಂತವನ ಮೈಗೆ ಯಾವ ಲೇಪ? ಅಚ್ಚಿನ ಎರಡು ಹೋಳು ಸರಿಯಾಗಿ ಕೂಡದಿದ್ದರೆ ಸಂದಿನಿಂದ ಲೋಹ ಚಿಮ್ಮುತ್ತದೆ. ಒದ್ದೆಯಾದ ಗಟ್ಟಿಯೊಂದು ಕುಲುಮೆಗೆ ಬಿದ್ದರೆ ನೀರು ಥಟ್ಟನೆ ಆವಿಯಾಗಿ ಲೋಹ ಸಿಡಿಯುತ್ತದೆ. ಅಚ್ಚು ಒಡೆದರೆ ಹೊಸದಕ್ಕೆ ಹಣ ಸುರಿಯಬೇಕು. ಆಳಿನ ಕಣ್ಣು ಹೋದರೆ ಗೇಟಿನ ಹೊರಗೆ ಇನ್ನೊಬ್ಬ ನಿಂತಿದ್ದಾನೆ. ಇದೇ ಅವರ ಲೆಕ್ಕ!

ಕೈಗವಸು ಹಾಕಿದರೆ ಆಳು ನಿಧಾನವೆನ್ನುತ್ತಾರೆ. ಅಚ್ಚು ಕಾಯಿಸಲು ಹೊತ್ತು ಹಿಡಿಯುವುದಿಲ್ಲವೇ? ಆಗ ಮಾತ್ರ ಅವಸರವಿಲ್ಲ! ಇನ್ನು ಕೆಲವರು ಕೈಗವಸು ಕೊಟ್ಟು ಪಗಾರದಲ್ಲಿ ಮುರಿದುಕೊಳ್ಳುತ್ತಾರೆ. ಇದು ಕಾನೂನಿಗೆ ವಿರುದ್ಧ. ಕಣ್ಣಿಗೆ ಅಪಾಯವಿರುವ ಕೆಲಸದಲ್ಲಿ ಕನ್ನಡಕ ಅಥವಾ ಪರದೆ ಒದಗಿಸಬೇಕೆಂದು 1948ರ ಕಾರಖಾನೆ ಕಾಯಿದೆಯ 35ನೆಯ ಕಲಮೇ ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆಯ ಸಂಹಿತೆಯೂ ಸುರಕ್ಷತೆಗಾಗಿ ಒದಗಿಸಿದ್ದಕ್ಕೆ ಕಾರ್ಮಿಕನಿಂದ ಕಾಸು ವಸೂಲು ಮಾಡಕೂಡದೆನ್ನುತ್ತದೆ.

ಆದುದರಿಂದ ನಮ್ಮ ಬೇಡಿಕೆ ಇಷ್ಟೇ: ಮುಖಕ್ಕೆ ಪರದೆ, ಕಾವು ತಡೆಯುವ ಕೈಗವಸು, ಏಪ್ರನ್ನು, ಬೂಟು. ಖಾಯಂ ಆಳಿಗೂ ಗುತ್ತಿಗೆ ಆಳಿಗೂ ಒಂದೇ ಸಮ, ಮಾಲೀಕನದೇ ಖರ್ಚು. ಅಚ್ಚಿನ ಲೇಪದ ಖರ್ಚು ಬರೆದ ಪುಸ್ತಕದಲ್ಲೇ ಇದನ್ನೂ ಬರೆದುಕೊಳ್ಳಲಿ.

ಒಬ್ಬನೇ ಕೇಳಿದರೆ ಗೇಟು ತೋರಿಸಿಯಾರು. ಪಾಳಿಯವರೆಲ್ಲ ಸೇರಿ ಕೇಳಿರಿ. 1918ರಲ್ಲಿ ಇದೇ ಅಹಮದಾಬಾದಿನ ಮಿಲ್ಲು ಕಾರ್ಮಿಕರು ಒಗ್ಗಟ್ಟಾಗಿ ನಿಂತು ಕೂಲಿಯಲ್ಲಿ ಶೇಕಡಾ 35 ಏರಿಕೆ ಪಡೆದರು. ಅವರು ಕೇಳಿದ್ದು ಹೊಟ್ಟೆಗೆ, ನಾವು ಕೇಳುವುದು ಕಣ್ಣಿಗೆ. ಉಕ್ಕಿಗೆ ಸಲ್ಲುವ ಮರ್ಯಾದೆ ಮನುಷ್ಯನ ಚರ್ಮಕ್ಕೂ ಸಲ್ಲಲಿ!