ನೀರು ಒಗ್ಗಬೇಕಲ್ಲ, ಮಕ್ಕಳೇ!



ಹೋದ ಬೇಸಿಗೆ ರಜೆಯಲ್ಲಿ ಈ ಅಜ್ಜ ಒಂದು ತಪ್ಪು ಮಾಡಿದ. ಅದನ್ನು ನಿಮಗೆ ಹೇಳಿಬಿಟ್ಟರೆ ಮನಸ್ಸು ಹಗುರ.

ಹೊನ್ನಾಳಿಯ ನಮ್ಮ ಮನೆಯ ತೊಟ್ಟಿಯಲ್ಲಿ ಗಪ್ಪಿ ಮೀನುಗಳು ಬಹಳವಾಗಿದ್ದವು. ಜಗಳೂರಿನ ಮೊಮ್ಮಗಳ ಬಳಿಯೂ ಒಂದು ಗಾಜಿನ ತೊಟ್ಟಿ ಇದೆ, ಒಂದು ವರ್ಷದಿಂದ ಚೆನ್ನಾಗಿ ನಡೆದಿದೆ. ಆರು ಗಪ್ಪಿಗಳನ್ನು ಚೀಲದಲ್ಲಿ ಹಾಕಿಕೊಂಡು ದಾವಣಗೆರೆ ಮೇಲೆ ಬಸ್ಸಿನಲ್ಲಿ ಹೋದೆ. ಮೊಮ್ಮಗಳ ಆತುರಕ್ಕೆ ನನ್ನ ಆತುರವೂ ಸೇರಿತು. ಚೀಲದ ಗಂಟು ಬಿಚ್ಚಿದವನೇ ಎಲ್ಲವನ್ನೂ ತೊಟ್ಟಿಗೆ ಸುರಿದುಬಿಟ್ಟೆ.

ಮರುದಿನ ಬೆಳಿಗ್ಗೆ ನಾಲ್ಕು ಮೀನು ಸತ್ತಿದ್ದವು. “ಅಜ್ಜಾ, ನಿಮ್ಮ ಮೀನಿಗೆ ನಮ್ಮ ಮನೆ ಇಷ್ಟ ಆಗಲಿಲ್ವಾ?” ಎಂದಳು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಆಗ ನನ್ನ ಹಳೆಯ ದಿನಗಳು ನೆನಪಾದವು. ಬ್ಯಾಂಕಿನಲ್ಲಿದ್ದಾಗ ನ್ಯಾಮತಿಯಿಂದ ಜಗಳೂರಿಗೆ ನನ್ನ ವರ್ಗವಾಗಿತ್ತು. ಅಲ್ಲಿನ ಕೊಳವೆಬಾವಿ ನೀರು ಗಡಸು, ಸೋಪು ಉಜ್ಜಿದರೂ ನೊರೆ ಬರುತ್ತಿರಲಿಲ್ಲ. ಹದಿನೈದು ದಿನ ಹೊಟ್ಟೆ ಸರಿಯಿರಲಿಲ್ಲ. “ನೀರು ಒಗ್ಗಬೇಕು ಸ್ವಾಮಿ” ಎಂದಿದ್ದರು ಮನೆ ಮಾಲೀಕರು. ಮನುಷ್ಯನಿಗೇ ಹೀಗಾದರೆ, ನೀರನ್ನೇ ಉಸಿರಾಡುವ ಮೀನಿನ ಗತಿಯೇನು?

ನಮ್ಮೂರ ತುಂಗಭದ್ರೆಯ ನೀರು ಮೆದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಮೀನು ತನ್ನ ಮೈಯೊಳಗಿನ ಲವಣವನ್ನು ಸುತ್ತಲಿನ ನೀರಿಗೆ ತಕ್ಕಂತೆ ಸರಿತೂಗಿಸಿಕೊಂಡೇ ಬದುಕಬೇಕು, ಅದಕ್ಕೆ ಸಮಯ ಬೇಕು. ನೋಡಿ, ಗಪ್ಪಿಗೆ ಗಡಸು ನೀರು ಶತ್ರುವಲ್ಲ. ಹಠಾತ್ ಬದಲಾವಣೆಯೇ ಶತ್ರು.

ಚನ್ನಗಿರಿಯ ಶಾಂತಿಸಾಗರದಂಥ ದೊಡ್ಡ ಕೆರೆಗೇ ಆಗಲಿ, ಊರ ಸಣ್ಣ ಕೆರೆಗೇ ಆಗಲಿ, ಬಲ್ಲವರು ಮೀನುಮರಿ ಬಿಡುವಾಗ ಮೊದಲು ಚೀಲವನ್ನು ನೀರ ಮೇಲೆ ತೇಲಬಿಡುತ್ತಾರೆ. ನಾವೂ ಹಾಗೇ ಮಾಡಬೇಕು.

ಮೊದಲು ತೊಟ್ಟಿಯ ದೀಪ ಆರಿಸಿ. ಕಟ್ಟಿದ ಚೀಲವನ್ನು 15-20 ನಿಮಿಷ ತೇಲಬಿಡಿ, ಬಿಸಿ-ತಂಪು ಸಮವಾಗುತ್ತದೆ. ಆಮೇಲೆ ಬಾಯಿ ಬಿಚ್ಚಿ, ಐದೈದು ನಿಮಿಷಕ್ಕೊಮ್ಮೆ ಅರ್ಧ ಲೋಟ ತೊಟ್ಟಿಯ ನೀರನ್ನು ಚೀಲಕ್ಕೆ ಹಾಕುತ್ತಾ ಹೋಗಿ. ಮುಕ್ಕಾಲು ಗಂಟೆಯಾದ ಮೇಲೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಒಳಗೆ ಬಿಡಿ. ಚೀಲದ ನೀರು ಗಿಡದ ಬುಡಕ್ಕೆ. ಆ ದಿನ ಆಹಾರ ಬೇಡ.

ಅಂಗಡಿಯಿಂದ ತಂದ ಮೀನಾದರೆ ಕನಿಷ್ಠ ಎರಡು ವಾರ ಬೇರೆ ತೊಟ್ಟಿಯಲ್ಲಿಟ್ಟು ಗಮನಿಸಿ. ಒಂದಕ್ಕೆ ರೋಗವಿದ್ದರೆ ಹಳೆಯ ಮೀನುಗಳಿಗೂ ಅಂಟುತ್ತದೆ.

ಇನ್ನೊಂದು ಮಾತು. ಹಳೆಯ ತೊಟ್ಟಿಯ ಕಲ್ಲು, ಫಿಲ್ಟರುಗಳಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿರುತ್ತವೆ. ಮೀನಿನಿಂದ ಹೊರಬರುವ ವಿಷಕಾರಿ ಅಮೋನಿಯಾವನ್ನು ಅವು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಒಮ್ಮೆಲೇ ಹತ್ತಾರು ಮೀನು ಬಿಟ್ಟರೆ? ಒಬ್ಬನೇ ಗುಮಾಸ್ತನಿರುವ ಕೌಂಟರಿಗೆ ಐವತ್ತು ಜನ ನುಗ್ಗಿದಂತೆ! ಎರಡೋ ಮೂರೋ ಬಿಡಿ, ಕೆಲವು ವಾರ ಕಾಯಿರಿ. ಫಿಲ್ಟರನ್ನು ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆಯಬೇಡಿ. ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಜಾಲಿಸಿದರೆ ಸಾಕು.

ದಸರಾ ರಜೆಗೆ ಮತ್ತೆ ಮೂರು ಗಪ್ಪಿ ಒಯ್ದೆ. ಈ ಸಲ ಲೋಟ ಮೊಮ್ಮಗಳ ಕೈಯಲ್ಲಿ, ಗಡಿಯಾರ ನನ್ನ ಕೈಯಲ್ಲಿ. “ಇನ್ನೂ ಎಷ್ಟು ಹೊತ್ತು ಅಜ್ಜಾ?” ಎಂದು ನಾಲ್ಕು ಸಲ ಕೇಳಿದಳು, ಆದರೆ ಅವಸರ ಮಾಡಲಿಲ್ಲ. ಮರುದಿನ ನಾನು ಏಳುವ ಮೊದಲೇ ತೊಟ್ಟಿಯ ಮುಂದೆ ಕೂತು ಎಣಿಸುತ್ತಿದ್ದಳು: ಹಳೆಯವು ಎರಡು, ಹೊಸವು ಮೂರು.

ಮೊನ್ನೆ ಫೋನಿನಲ್ಲಿ ಹೇಳಿದಳು, “ಅಜ್ಜಾ, ಮರಿ ಹಾಕಿವೆ!” ಅವು ಜಗಳೂರಿನಲ್ಲೇ ಹುಟ್ಟಿದ ಮರಿಗಳು. ಅವುಗಳಿಗೆ ಆ ನೀರು ಒಗ್ಗುವ ಚಿಂತೆಯೇ ಇಲ್ಲ.